ಮಂಜು ಕರಗುವ ಹಾಡಿನ ಭಾರ

ನಮ್ಮ ಊರಿನ ಧಕ್ಕೆಯಲ್ಲಿ ದೋಣಿ ಹತ್ತುವವರನ್ನು ಅಂಬಿಗ ಮೊದಲು ಕೇಳುವುದು ಎಷ್ಟು ಜನ ಎಂದಲ್ಲ, ಎಂತ ಹಾಡು ಎಂದು. ಹಾಡಿಗೆ ಭಾರ ಇದೆಯಷ್ಟೆ. ಜೋಗುಳವಾದರೆ ಒಂದು ಕೋಳಿಯಷ್ಟು, ನಾಟಿಯ ಹಾಡಾದರೆ ಒಂದು ಅಕ್ಕಿಮುಡಿಯಷ್ಟು, ಪಾಸ್ಕ ಹಬ್ಬದ ಕೀರ್ತನೆಯಾದರೆ ಗಬ್ಬದ ಎಮ್ಮೆಯಷ್ಟು. ಹಾಡುವವರು ಎಲ್ಲಿ ಕುಳಿತಿರುತ್ತಾರೋ ಅಲ್ಲಿಗೆ ಆ ಭಾರ ಇಳಿಯುತ್ತದೆ. ಹಾಡು ನಿಂತೊಡನೆ ಹೋಗುತ್ತದೆ. ಹುಟ್ಟಿದಂದಿನಿಂದ ಹೀಗೆಯೇ ಬದುಕಿದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ತೊಟ್ಟಿಲಿಗೆ ದಪ್ಪ ಹಗ್ಗ ಕಟ್ಟುತ್ತೇವೆ. ತೆಂಗಿನ ಮರ ಹತ್ತಿದವನು ಗುನುಗಿದರೆ ಕೆಳಗಿನಿಂದ ಹೆಂಡತಿ ಬೈಯುತ್ತಾಳೆ. ಮಾವಿನಮಿಡಿಯ ಭರಣಿಯ ಮೇಲೆ ಕಲ್ಲು ಹೇರುವುದಿಲ್ಲ; ಮುಚ್ಚಳಕ್ಕೆ ಅಂಗೈ ಊರಿ ಎರಡು ಚರಣ ಹಾಡುತ್ತೇವೆ, ಮಿಡಿ ಉಪ್ಪುನೀರಿನಲ್ಲಿ ಮುಳುಗುತ್ತದೆ. ಇಗರ್ಜಿಯ ಗಾಯನದ ಅಟ್ಟಕ್ಕೆ ಕಲ್ಲಿನ ಕಂಬ ಕೊಟ್ಟಿದ್ದರೂ ದಪ್ಪ ಕಂಠದವರು ಕೆಳಗೆ ನೆಲದ ಮೇಲೆಯೇ ನಿಲ್ಲಬೇಕೆಂದು ಪಾದ್ರಿಗಳ ಅಪ್ಪಣೆ.

ನನ್ನ ಗಂಡ ಬಸ್ತಿಯಾಂವ್ ಹಾಗೆ ಕೆಳಗೆ ನಿಲ್ಲುವವರಲ್ಲಿ ಮೊದಲಿಗರು. ಅವರಷ್ಟು ಭಾರದ ಕಂಠ ಈ ಊರಿನಲ್ಲಿ ಬೇರೆ ಇರಲಿಲ್ಲ. ಮಳೆಗಾಲದ ಮೊದಲ ಗಾಳಿ ಎದ್ದಾಗ ಜನ ಓಡಿಬಂದು, "ಬಸ್ತಿಯಾಂವಣ್ಣ, ನಮ್ಮ ಮಾಡು ಹಾರ್ತದೆ, ಬೇಗ ಬನ್ನಿ" ಎಂದು ಕರೆಯುತ್ತಿದ್ದರು. ಪ್ರತಿ ಮನೆಯ ಜಂತಿಗೂ ಅದಕ್ಕಾಗಿಯೇ ಒಂದು ಉಯ್ಯಾಲೆ ತೂಗುಬಿಟ್ಟಿರುತ್ತದೆ. ಇವರು ಹೋಗಿ ಉಯ್ಯಾಲೆಯಲ್ಲಿ ಕುಳಿತು ಹಾಡಲು ತೊಡಗಿದರೆ ಹಂಚುಗಳು ಕಟಕಟ ಸದ್ದು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದವು. ಒಂದು ಮನೆಯಲ್ಲಿ ಗಾಳಿ ನಿಂತಮೇಲೂ ಖುಷಿಯಲ್ಲಿ ಹಾಡುತ್ತಲೇ ಇದ್ದು ಜಂತಿಯನ್ನೇ ಮುರಿದು ಬಂದಿದ್ದರು. ಆ ಮನೆಯವರು ಸಿಟ್ಟಾಗಲಿಲ್ಲ. ಮೀನು ಸಾರು ಬಡಿಸಿ ಕಳಿಸಿದರು. ಅಂಥ ಮನುಷ್ಯನನ್ನು ದೇವರು ಈ ಸಲ ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ತನ್ನ ಬಳಿಗೆ ಕರೆದುಕೊಂಡನು. ದೇವರ ಮನೆಯ ಮಾಡಿಗೂ ಗಾಳಿ ಹೊಡೆಯುತ್ತದೋ ಏನೋ. ಅವನ ಚಿತ್ತವನ್ನು ನಾನು ಪ್ರಶ್ನಿಸಲಿಲ್ಲ. ಆದರೆ ಮನೆಯಲ್ಲಿ ಹಾಡುವುದನ್ನು ಬಿಟ್ಟೆ. ನನ್ನ ತಂತಿವಾದ್ಯ ಲ್ಯೂಟನ್ನು ಗೋಡೆಯ ಮೊಳೆಗೆ ತೂಗುಹಾಕಿ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿದೆ.

ಲ್ಯೂಟ್ ನುಡಿಸುವುದು ನನ್ನ ಕೆಲಸ. ನುಡಿಸುವುದಕ್ಕಿಂತ ಹೆಚ್ಚಾಗಿ ಹಾಡುಗಳನ್ನು ಇಳಿಸುವುದು. ಹಿಂದೆ ಯಾವುದೋ ಕಾಲದಲ್ಲಿ ಯುರೋಪಿನ ಹಡಗುಗಳು ನಮ್ಮ ಅಳಿವೆಗೆ ಬರುತ್ತಿದ್ದಾಗ ಅಲ್ಲಿನ ಪಾದ್ರಿಗಳು, ನಾವಿಕರು ತಮ್ಮ ಹಾಡುಗಳನ್ನು ಇಲ್ಲಿ ಬಿಟ್ಟುಹೋದರು. ದೇವರ ಹಾಡುಗಳಿಗಿಂತ ಪ್ರೀತಿಯ ಹಾಡುಗಳೇ ಹೆಚ್ಚು. ಎಲ್ಲವೂ ನಾಲ್ಕು ಜನ ನಾಲ್ಕು ಸ್ವರದಲ್ಲಿ ಒಟ್ಟಿಗೆ ಹಾಡುವಂಥವು. ನಮ್ಮವರು ಆ ನಾಲ್ಕು ಸ್ವರಗಳಿಗೆ ಸೊಸೆ, ಅತ್ತೆ, ಮಾವ, ಅಜ್ಜ ಎಂದು ಹೆಸರಿಟ್ಟಿದ್ದಾರೆ. ಮೇಲಿನ ಸ್ವರ ಸೊಸೆ. ಅವಳು ಎಲ್ಲೆಂದರಲ್ಲಿ ಓಡಾಡುತ್ತಾಳೆ. ಅತ್ತೆಯ ಸ್ವರ ಅವಳ ಹಿಂದೆಯೇ ಬರುತ್ತದೆ, ಗುಡಿಸಿದ ಕಡೆ ಕಸ ಉಳಿದಿದೆಯೇ ಎಂದು ನೋಡಿಕೊಂಡು. ಮಾವ ನಡುವೆ ನಡುವೆ ಕೆಮ್ಮುತ್ತಾನೆ. ಅಜ್ಜ ಎಲ್ಲರಿಗಿಂತ ಕೆಳಗೆ, ಒಂದೊಂದೇ ಹೆಜ್ಜೆ ಇಡುತ್ತ ಹೋಗುತ್ತಾನೆ. ಆ ನಾಲ್ವರನ್ನೂ ದೋಣಿ ಹತ್ತಿಸಿದರೆ ದೋಣಿ ತಳ ಕಾಣುವುದು ಖಂಡಿತ. ಆದ್ದರಿಂದ ಸೊಸೆಯನ್ನು ಮಾತ್ರ ಕಂಠಕ್ಕೆ ಬಿಟ್ಟು ಉಳಿದವರನ್ನು ತಂತಿಯ ಮೇಲೆ ಇಳಿಸುವುದು ನನ್ನ ಕೈಕೆಲಸ. ಮನುಷ್ಯನ ಕಂಠ ಸ್ವರವನ್ನು ಹಿಡಿದುಕೊಂಡು ನಿಲ್ಲುತ್ತದೆ. ತಂತಿಯಾದರೋ ಮೀಟಿದ ಗಳಿಗೆಯಿಂದಲೇ ಬಿಟ್ಟುಕೊಡಲು ತೊಡಗುತ್ತದೆ. ಹಾಗಾಗಿ ತಂತಿಯ ಭಾರ ಕ್ಷಣದ್ದು, ದೋಣಿ ತಡೆದುಕೊಳ್ಳುತ್ತದೆ. ಬೆರಳುಗಳಾದರೂ ಎಷ್ಟು ಜನರನ್ನು ಸಂಭಾಳಿಸಿಯಾವು? ಅತ್ತೆ ಮಾವ ಒಂದೇ ಸ್ವರದಲ್ಲಿ ಕೂಡುವ ಕಡೆ ಒಬ್ಬರನ್ನು ಬಿಡಬೇಕು. ಉದ್ದನೆಯ ಸ್ವರ ಸತ್ತುಹೋಗುವ ಕಡೆ ಸಣ್ಣ ಸಣ್ಣ ಮೀಟುಗಳಿಂದ ತುಂಬಬೇಕು. ಯಾರನ್ನು ಬಿಟ್ಟರೂ ಹಾಡಿಗೆ ನೋವಾಗಬಾರದು. ಒಂದು ಕೂಡುಕುಟುಂಬವನ್ನು ಚಿಕ್ಕ ಮನೆಗೆ ಸಾಗಿಸಿದ ಹಾಗೆ.

ಬಸ್ತಿಯಾಂವ್ ತೀರಿಕೊಂಡ ಮೇಲೆ ಈ ಕೆಲಸ ಕೇಳಿಕೊಂಡು ಯಾರೂ ಬರಲಿಲ್ಲ. ಬಂದವಳು ಲೂದಿ. ಲುದಿವಿನಾ ಅವಳ ಪೂರ್ತಿ ಹೆಸರು. ನನ್ನ ಮೈದುನನ ಮಗಳು. ಮೈದುನ ಸಮುದ್ರಕ್ಕೆ ಹೋದವನು ಮರಳದೆ ಇದ್ದಾಗ ನಾವೇ ಅವಳನ್ನು ಸಾಕಿದೆವು. ಈಗ ರೊಟ್ಟಿಯ ಭಟ್ಟಿಯಲ್ಲಿ ಹಿಟ್ಟು ನಾದುತ್ತಾಳೆ; ತೋಳಿನಲ್ಲಿ ಎಷ್ಟು ಬಲವೋ ನಾಲಿಗೆಯಲ್ಲೂ ಅಷ್ಟೇ. ಆ ಬೆಳಿಗ್ಗೆ ಮೊಣಕೈಯವರೆಗೆ ಹಿಟ್ಟು ಮೆತ್ತಿಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು.

"ದೊಡ್ಡಮ್ಮ, ಮದುವೆಯ ದಿನ ಗೊತ್ತಾಯ್ತು. ಬರುವ ತಿಂಗಳ ಕೊನೆಗೆ."

ಆಚೆ ದಡದಲ್ಲಿ ಹಗ್ಗ ಹೊಸೆಯುವ ಮಾರ್ಸೆಲ್ ಎಂಬ ಹುಡುಗನಿಗೆ ಅವಳನ್ನು ಕೊಡುವುದೆಂದು ಬಸ್ತಿಯಾಂವ್ ಇರುವಾಗಲೇ ಮಾತಾಗಿತ್ತು. "ದೇವರು ದೊಡ್ಡವನು," ಎಂದೆ. "ಹಾಡು ಯಾವುದು?"

ಅಳಿವೆಯ ಆಚೆಗೆ ಮದುವೆಯಾಗಿ ಹೋಗುವ ಹುಡುಗಿ ದೋಣಿಯಲ್ಲಿ ತಾನೇ ಹಾಡುತ್ತ ಹೋಗಬೇಕು. ನಡುವೆ ಹಾಡು ನಿಂತರೆ ಅವಳಿಗೆ ಮನಸ್ಸಿಲ್ಲವೆಂದು ತಿಳಿದು ಅಂಬಿಗ ದೋಣಿ ತಿರುಗಿಸುತ್ತಾನೆ. ಪಾದ್ರಿಗಳೂ ಅದಕ್ಕೆ ಎದುರಾಡುವುದಿಲ್ಲ. ದೋಣಿ ಅಲುಗದಂತೆ ಬೇರೆ ದಿನ ಹಾಕುವ ಕಲ್ಲನ್ನು ಮದುವೆಯ ದೋಣಿಗೆ ಹಾಕುವಂತಿಲ್ಲ, ಹಾಡೇ ಅದರ ಅಡಿಭಾರ. ಭಾರ ಹೆಚ್ಚಾದರೆ ಮುಳುಗುತ್ತದೆ. ಕಡಿಮೆಯಾದರೆ ಅಳಿವೆಯ ಗಾಳಿ ದೋಣಿಯನ್ನು ತೆಂಗಿನ ಕರಟದಂತೆ ಆಡಿಸುತ್ತದೆ.

"ಮಂಜು ಕರಗುವ ಹಾಡು," ಎಂದಳು ಲೂದಿ.

ಅದು ಬಸ್ತಿಯಾಂವರ ಹಾಡು. ಚಳಿದೇಶದ ಒಬ್ಬ ಹುಡುಗಿ, ಮಂಜು ಕರಗಿತು, ದಾರಿ ತೆರೆಯಿತು, ಇನ್ನು ಹೊರಡುತ್ತೇನೆ ಎನ್ನುತ್ತಾಳೆ. ಅಷ್ಟೇ ಅದರ ಅರ್ಥ. ನಮ್ಮಲ್ಲಿ ಯಾರೂ ಅಂಥ ಮಂಜನ್ನು ಕಂಡವರಿಲ್ಲ. ಉಪ್ಪಿನ ಗದ್ದೆಗೆ ಮಳೆ ಬಿದ್ದ ಹಾಗೆ ಇರಬಹುದೆಂದು ಅಂದುಕೊಂಡಿದ್ದೇವೆ. ಆ ಹಾಡಿನಲ್ಲಿ ಅಜ್ಜನ ಸ್ವರವನ್ನು ಅವರು ಹಾಡುತ್ತಿದ್ದರು, ಅಂಗಳದ ಬರಿನೆಲದ ಮೇಲೆ ನಿಂತು. ಅವರು ನಿಲ್ಲುತ್ತಿದ್ದ ಜಾಗದಲ್ಲಿ ಈಗಲೂ ನೆಲ ಬಟ್ಟಲಿನಂತೆ ತಗ್ಗಾಗಿದೆ. ಕೋಳಿಗಳು ಅಲ್ಲಿ ನೀರು ಕುಡಿಯುತ್ತವೆ.

"ಅದು ಭಾರದ ಹಾಡು ಮಗಾ. ಬೇರೆ ಯಾವುದಾದರೂ ಹೇಳು. ಗಿಳಿಯ ಹಾಡು ಉಂಟು, ಚಂದ ಉಂಟು."

"ಗಿಳಿಯ ಹಾಡನ್ನು ಹಾಡಿಕೊಂಡು ಊರಿನ ಅರ್ಧ ಹುಡುಗಿಯರು ಹೋಗಿದ್ದಾರೆ. ನಾನು ಗಿಳಿಯಾ? ಈ ತೋಳು ನೋಡಿ." ಅವಳು ಹಿಟ್ಟಿನ ತೋಳನ್ನು ಮುಂದೆ ಚಾಚಿದಳು. "ದೊಡ್ಡಪ್ಪ ಇದ್ದಿದ್ರೆ ನನ್ನ ಕೈ ಹಿಡಿದು ದೋಣಿ ಹತ್ತಿಸ್ತಿದ್ರು. ಅವರಿಲ್ಲ. ಅವರ ಹಾಡಾದ್ರೂ ಬೇಕು. ಇಲ್ಲದಿದ್ರೆ ನಾನು ಬಾಯಿ ಮುಚ್ಚಿ ಕೂತುಕೊಳ್ತೇನೆ. ದೋಣಿ ತಿರುಗಲಿ, ಮಾರ್ಸೆಲ್ ಅಲ್ಲೇ ಹಗ್ಗ ಹೊಸೀತಾ ಇರಲಿ."

"ಪಾಪದ ಹುಡುಗ!"

"ಪಾಪದವನೇ. ಅದಕ್ಕೇ ನಿಮ್ಮನ್ನು ಕೇಳೋದು."

ಅವಳು ಹೋದಮೇಲೆ ಜಪಸರ ಹಿಡಿದು ಒಂದು ಸುತ್ತು ಪ್ರಾರ್ಥನೆ ಮುಗಿಸಿ ಲ್ಯೂಟನ್ನು ಇಳಿಸಿದೆ. ಅದರ ಹೊಟ್ಟೆ ಹಲಸಿನ ಮರದ್ದು, ಕತ್ತು ಯಾರೋ ಹಿಂದಕ್ಕೆ ಮುರಿದಂತೆ ಬಾಗಿದ್ದು. ತಂತಿಗಳೆಲ್ಲ ಸಡಿಲವಾಗಿದ್ದವು. ಬಿಗಿದು ಶ್ರುತಿ ಕೂಡಿಸಿದೆ. ಸೊಸೆಯನ್ನು ಲೂದಿಗೆ ಬಿಟ್ಟೆ. ಅತ್ತೆಯನ್ನೂ ಮಾವನನ್ನೂ ತೋರುಬೆರಳು ನಡುಬೆರಳುಗಳಿಗೆ ಹಂಚಿದೆ. ಅಜ್ಜನ ಸ್ವರ ಹೆಬ್ಬೆರಳಿನ ಪಾಲು, ಕೆಳಗಿನ ದಪ್ಪ ತಂತಿಗಳ ಮೇಲೆ ನಡೆಯುವಂಥದ್ದು. ಅದನ್ನು ಬಿಟ್ಟುಬಿಟ್ಟೆ. ನಾಲ್ವರಲ್ಲಿ ಹೆಚ್ಚು ಭಾರ ಅವನದೇ ಅಲ್ಲವೇ, ದೋಣಿಗೆ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜ ಇದ್ದ ಕಡೆ ಖಾಲಿ ಕಾಣದಂತೆ ಮೇಲಿನ ತಂತಿಗಳಲ್ಲಿ ಬೇಕಾದಷ್ಟು ಕುಸುರಿ ತುಂಬಿದೆ. ಬೆರಳಿಗೆ ಬಿಡುವಿಲ್ಲ, ಕೇಳುವವರಿಗೂ ಬಿಡುವಿಲ್ಲ. ಲೂದಿ ದಿನವೂ ಭಟ್ಟಿಯ ಕೆಲಸ ಮುಗಿಸಿ ಬಂದು ಕಲಿತಳು. ಒಂದೆರಡು ಸಲ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಕೈಯನ್ನೇ ನೋಡಿದಳು.

ಮದುವೆಗೆ ಮೊದಲು ದೋಣಿಯಲ್ಲಿ ಹಾಡನ್ನು ಒಮ್ಮೆ ತೂಗಿ ನೋಡುವುದು ವಾಡಿಕೆ. ಅಂಬಿಗ ಸಂಕು ಮರಕಾಲ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಹೆಂಡತಿಗೂ ಸಮುದ್ರಕ್ಕೂ ಒಂದೇ ಧ್ವನಿಯಲ್ಲಿ ಕೂಗಾಡುವ ಮನುಷ್ಯ.

"ಎಂತ ಹಾಡು ಬಾಯಮ್ಮ?"

"ಮಂಜು ಕರಗುವುದು."

ಅವನು ಹಾರಿಬಿದ್ದ. "ಅಯ್ಯೋ ದೇವರೇ! ನನ್ನ ದೋಣಿಗೆ ಮೊನ್ನೆಯಷ್ಟೇ ಎಣ್ಣೆ ಬಳಿದದ್ದು!"

"ಹೆದರಬೇಡ ಸಂಕು. ಹಗುರ ಮಾಡಿದ್ದೇನೆ."

ಹಗುರವೇನೋ ಆಗಿತ್ತು. ದಡ ಬಿಟ್ಟು ಲೂದಿ ಹಾಡಲು ತೊಡಗಿದಳು, ನಾನು ಮೀಟಿದೆ. ದೋಣಿ ತಗ್ಗಲೇ ಇಲ್ಲ. ಅಳಿವೆಯ ಗಾಳಿ ತಾಕಿದೊಡನೆ ಒಮ್ಮೆ ಸುತ್ತಿತು, ಮತ್ತೊಮ್ಮೆ ಸುತ್ತಿತು. ನಾನು ಕುಸುರಿ ಹಾಕಿದಷ್ಟೂ ಅದು ಬುಗುರಿಯಂತೆ ತಿರುಗಿತು. ಸಂಕು ಹುಟ್ಟು ಹಾಕುವುದನ್ನು ಬಿಟ್ಟು ದೋಣಿಯ ಅಂಚನ್ನು ತಬ್ಬಿಕೊಂಡು, "ನಿಲ್ಸಿ ಬಾಯಮ್ಮ! ಅಲ್ಲ, ನಿಲ್ಸಬೇಡಿ! ಬೇರೆ ಹಾಡಿ! ಯಾವುದಾದ್ರೂ ಹಾಡಿ!" ಎಂದು ಕೂಗಿದ. ಕೊನೆಗೆ ಗಾಳಿಯೇ ನಮ್ಮನ್ನು ಕೊಂಡುಹೋಗಿ ಉಪ್ಪಿನ ಗದ್ದೆಯ ಕೆಸರಿನಲ್ಲಿ ಕೂರಿಸಿತು. ಲೂದಿಯ ಸೀರೆ ಮೊಣಕಾಲಿನವರೆಗೆ ಕೆಸರಾಯಿತು. ಗದ್ದೆಯ ಹೆಂಗಸರು ಉಪ್ಪು ಬಳಿಯುವ ಹಲಗೆಗಳನ್ನು ಅಲ್ಲಿಯೇ ಬಿಟ್ಟು ನಕ್ಕರು.

"ಈ ಹಾಡಿನಲ್ಲಿ ಒಂದು ಕಾಗೆಯನ್ನೂ ಕೂರಿಸಲಿಕ್ಕಾಗೋದಿಲ್ಲ," ಎಂದು ಸಂಕು ದೋಣಿಯನ್ನು ತಳ್ಳುತ್ತ ಗೊಣಗಿದ. "ಒಂದು ಕೆಲಸ ಮಾಡುವಾ. ಹುಡುಗನ ಸೋದರತ್ತೆ ರೆಜಿನ್‌ಬಾಯಿಯನ್ನು ನಡುವೆ ಕೂರಿಸುವಾ. ಅವರು ಕೂತರೆ ಸಾಕು, ದೋಣಿ ಅಲ್ಲಾಡೋದಿಲ್ಲ."

ಲೂದಿ ನಗಲಿಲ್ಲ. ಸೆರಗು ಹಿಂಡುತ್ತ ನನ್ನ ಮುಂದೆ ನಿಂತಳು. "ದೊಡ್ಡಮ್ಮ, ದೊಡ್ಡಪ್ಪನನ್ನು ಎಲ್ಲಿ ಬಿಟ್ಟು ಬಂದ್ರಿ?"

"ಅಜ್ಜನ ಸ್ವರ ಭಾರ ಮಗಾ. ದೋಣಿ..."

"ದೋಣಿಗೆ ಭಾರವಾ? ನಿಮಗೆ ಭಾರವಾ?"

ನಾನು ಕೆಸರಿನಿಂದ ಕಾಲು ಕಿತ್ತುಕೊಂಡೆ. ದಾರಿಯುದ್ದಕ್ಕೂ ಅವಳು ಮುಂದೆ, ನಾನು ಹಿಂದೆ. ತಿರುವಿನಲ್ಲಿ ನಿಂತು, "ನಿಮ್ಮಿಂದ ಆಗದಿದ್ರೆ ಬೇಡ. ನನಗೆ ಸಿಟ್ಟಿಲ್ಲ. ಆದ್ರೆ ದೊಡ್ಡಪ್ಪ ಇಲ್ಲದ ಆ ಹಾಡು ನನಗೆ ಹಾಡ್ಲಿಕ್ಕೆ ಬರೋದಿಲ್ಲ, ಬೇರೆ ಹಾಡು ಬೇಡ," ಎಂದು ಹೇಳಿ ಭಟ್ಟಿಯ ಕಡೆಗೆ ಹೋದಳು.

ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮಾತೆಯ ಪ್ರತಿಮೆಯ ಮುಂದೆ ಬಹಳ ಹೊತ್ತು ಮೊಣಕಾಲೂರಿದೆ. ಮಾತೆಯೇ, ನಿನಗೆ ಗೊತ್ತಿದೆ ಎಂದಷ್ಟೇ ಹೇಳಿ ಮನೆಗೆ ಬಂದೆ. ಬಾಗಿಲನ್ನು ತೆರೆದೇ ಇಟ್ಟು, ಬೆಳಕಿಗೆ ಕುರ್ಚಿ ಹಾಕಿ, ಲ್ಯೂಟನ್ನು ಮಡಿಲಿಗೆ ತೆಗೆದುಕೊಂಡು ಹೆಬ್ಬೆರಳನ್ನು ಕೆಳಗಿನ ತಂತಿಯ ಮೇಲೆ ಇಟ್ಟೆ. ಒಂದು ಮೀಟು. ಅಜ್ಜ ಮೊದಲ ಹೆಜ್ಜೆ ಇಟ್ಟ. ಎರಡನೆಯದು. ಮೂರನೆಯದರಲ್ಲಿ ನನ್ನ ಕೈ ನಿಂತಿತು, ಏಕೆಂದರೆ ಬಸ್ತಿಯಾಂವ್ ಅಲ್ಲಿ ಯಾವಾಗಲೂ ಸ್ವಲ್ಪ ತಡಮಾಡುತ್ತಿದ್ದರು, ಉಸಿರು ಸಾಲದೆ ಅಲ್ಲ, ಎಲ್ಲರೂ ತನ್ನನ್ನು ಕಾಯಲಿ ಎಂದು. ನನ್ನ ಹೆಬ್ಬೆರಳೂ ತಾನಾಗಿ ಕಾದಿತ್ತು. ನನಗೆ ಅಳು ಬಂತು. ಅಳುತ್ತಲೇ ನುಡಿಸಿದೆ. ಹಾಗೆಯೇ ನುಡಿಸುತ್ತಿರುವಾಗ ಯಾಕೋ ಬಾಗಿಲ ದಾರಂದ ಎತ್ತರವಾದಂತೆ ಕಂಡಿತು. ನೋಡಿದರೆ ಕುರ್ಚಿಯ ಕಾಲುಗಳು ಸಗಣಿ ಸಾರಿಸಿದ ನೆಲದೊಳಕ್ಕೆ ಒಂದು ಬೆರಳಿನಷ್ಟು ಇಳಿದಿದ್ದವು. ಅಳು ನಿಂತು ನಗು ಬಂತು. ಉಯ್ಯಾಲೆಯ ಜಂತಿ ಮುರಿದವರು ನನ್ನ ಕುರ್ಚಿಯನ್ನು ಬಿಟ್ಟಾರೆಯೇ!

ಇನ್ನು ಉಳಿದದ್ದು ಹಾಡನ್ನು ಮತ್ತೆ ಕಟ್ಟುವುದು. ಅಜ್ಜನನ್ನು ಒಳಗೆ ತಂದಮೇಲೆ ಮಿಕ್ಕವರು ಸರಿದುಕೊಳ್ಳಬೇಕಾಯಿತು. ನಾನು ಹೆಮ್ಮೆಯಿಂದ ತುಂಬಿದ್ದ ಕುಸುರಿಯನ್ನೆಲ್ಲ ಕಿತ್ತೆಸೆದೆ. ಮಾವನ ಕೆಮ್ಮು ಬೇಕಾಗಲಿಲ್ಲ. ಅತ್ತೆಯನ್ನು ಪೂರ್ತಿ ಬಿಡಲು ಮನಸ್ಸಾಗದೆ, ಅವಳಿಲ್ಲದಿದ್ದರೆ ಮನೆ ಬಿಕೋ ಎನ್ನುವ ಕಡೆ ಮಾತ್ರ ಉಳಿಸಿಕೊಂಡೆ. ಮೇಲೆ ಸೊಸೆ, ಕೆಳಗೆ ಅಜ್ಜ, ನಡುವೆ ಬಹಳಷ್ಟು ಗಾಳಿ ಬೆಳಕು. ಕೇಳಿದರೆ ಹಾಡು ಬಡವಾಗಿರಲಿಲ್ಲ. ನೆಲದ ಮೇಲೆ ನಿಂತಿತ್ತು. ಸಂಜೆ ಲೂದಿಯನ್ನು ಕರೆಕಳಿಸಿದೆ. ಅವಳು ಬಾಗಿಲ ಹೊರಗೆ ನಿಂತೇ ಮೊದಲ ನಾಲ್ಕು ಮೀಟು ಕೇಳಿದಳು. ಒಳಗೆ ಬಂದು ನನ್ನ ಕಾಲ ಬಳಿ ಕುಳಿತು, ನಾನು ಮತ್ತೆ ಮೊದಲಿನಿಂದ ನುಡಿಸಿದಾಗ ಮೂರನೆಯ ಹೆಜ್ಜೆಯ ಆ ತಡಕ್ಕೆ ಕಾದು, ಸರಿಯಾದ ಜಾಗದಲ್ಲಿ ದನಿ ಎತ್ತಿದಳು. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮತ್ತೆ ತೂಗಿ ನೋಡಲು ಸಮಯವಿರಲಿಲ್ಲ. ಮದುವೆಯ ದಿನವೇ ಬಂದುಬಿಟ್ಟಿತು. ಬಿಸಿಲು ಚೆನ್ನಾಗಿತ್ತು, ಗಾಳಿಯೂ ಚೆನ್ನಾಗಿತ್ತು. ಸಂಕು ದೋಣಿಗೆ ಹೂ ಕಟ್ಟಿ, ತಾನು ಬರೀ ಲಂಗೋಟಿಯಲ್ಲಿ ನಿಂತಿದ್ದ. "ಈಜಬೇಕಾದರೆ ಇರಲಿ," ಎಂದ. ಹೆಣ್ಣನ್ನು ಕರೆದೊಯ್ಯಲು ಬಂದಿದ್ದ ರೆಜಿನ್‌ಬಾಯಿ ದೋಣಿ ಹತ್ತುವ ಮೊದಲು ಶಿಲುಬೆಯ ಗುರುತು ಮಾಡಿಕೊಂಡು, "ಬಸ್ತಿಯಾಂವರ ಹಾಡಂತೆ ಹೌದಾ?" ಎಂದು ಕೇಳಿದರು.

"ಹೌದು."

"ಹಾಗಾದರೆ ನಾನು ಉಸಿರು ಬಿಗಿ ಹಿಡಿದು ಕೂತುಕೊಳ್ತೇನೆ. ನನ್ನ ಉಸಿರಿಗೂ ಭಾರ ಉಂಟು ಅಂತ ನನ್ನ ಗಂಡ ಹೇಳ್ತಾರೆ."

ಹಗ್ಗ ಬಿಚ್ಚಿದರು. ನಾನು ಹೆಬ್ಬೆರಳು ಊರಿದೆ. ದೋಣಿ ಒಂದು ಗೇಣು ಕೆಳಗೆ ಹೋಯಿತು. ರೆಜಿನ್‌ಬಾಯಿ ಕಣ್ಣು ಮುಚ್ಚಿದರು. ಎರಡನೆಯ ಹೆಜ್ಜೆಗೆ ಇನ್ನಷ್ಟು. ಮೂರನೆಯದಕ್ಕೆ ನೀರು ಅಂಚಿನ ಹತ್ತಿರ ಬಂದು ಇಣುಕಿ ನೋಡಿತು, ಒಳಗೆ ಬರಲಿಲ್ಲ. ಆಗ ಲೂದಿ ಹಾಡಿದಳು. ಹಿಟ್ಟು ನಾದುವ ಹುಡುಗಿಯ ಎದೆಯಿಂದ ಆ ದನಿ ಬಂದ ಬಗೆಯನ್ನು ನಾನು ಹೇಗೆ ಹೇಳಲಿ! ಅಳಿವೆಯ ಗಾಳಿ ಎದುರಿನಿಂದ ಬಂದು ತಾಕಿತು, ತಳ್ಳಿತು, ಸುಮ್ಮನಾಯಿತು. ದೋಣಿ ಅಲುಗಲಿಲ್ಲ. ನೀರನ್ನು ಸೀಳಿಕೊಂಡು ತೇರಿನ ಗಾಂಭೀರ್ಯದಿಂದ ಮುಂದಕ್ಕೆ ಹೋಯಿತು. ಸಂಕು ಮಾತ್ರ ಎಲ್ಲರ ಪರವಾಗಿ ಕೂಗುತ್ತಲೇ ಇದ್ದ: "ಎಡಕ್ಕೆ ವಾಲ್ಬೇಡಿ! ಆ ಬಾಯಮ್ಮನ ಮೊಣಕೈ ಒಳಗೆ ತಗೊಳ್ಳಿ! ಹಾಡಮ್ಮಾ ಹಾಡು, ಹೋಯ್, ಹಾಡು!" ನಡುನೀರಿನಲ್ಲಿ ಒಂದು ದೊಡ್ಡ ಅಲೆ ಒಂದು ಬೊಗಸೆಯಷ್ಟು ಒಳಗೆ ಹಾರಿತು. ಅದರೊಂದಿಗೆ ಒಂದು ಪುಟ್ಟ ಮೀನು ರೆಜಿನ್‌ಬಾಯಿಯ ಮಡಿಲಿಗೆ ಬಿತ್ತು. ಅವರು ಕಿರುಚಲಿಲ್ಲ, ಉಸಿರು ಬಿಡಬಾರದಲ್ಲ. ಮುಖ ಕೆಂಪಗೆ ಮಾಡಿಕೊಂಡು ಮೀನನ್ನು ಸೆರಗಿಗೆ ಕಟ್ಟಿಕೊಂಡರು. ಲೂದಿಗೆ ನಗು ಬಂತು. ನಕ್ಕರೆ ಹಾಡು ನಿಲ್ಲುತ್ತದೆ, ನಿಂತರೆ ದೋಣಿ ತಿರುಗುತ್ತದೆ. ಅವಳು ನಗುವನ್ನೇ ಹಾಡಿನೊಳಗೆ ಹಾಕಿಕೊಂಡು ಹಾಡಿದಳು. ಕೊನೆಯ ಚರಣವನ್ನು ಮಾರ್ಸೆಲ್ ಸೊಂಟದ ಮಟ್ಟದ ನೀರಿಗೆ ಇಳಿದು ಬಂದು ಕೇಳಿದ. ಮದುವೆಯ ಉಡುಪು ಪೂರ್ತಿ ಒದ್ದೆ. ಪಾದ್ರಿಗಳು ದಡದಿಂದ, "ಮೊದಲು ಇಗರ್ಜಿಗೆ ಬನ್ನಿ ಮಕ್ಕಳೇ, ಆಮೇಲೆ ಸ್ನಾನ," ಎಂದರು.

ಮದುವೆ ಸಾಂಗವಾಗಿ ಆಯಿತು. ಊಟದ ಹೊತ್ತಿಗೆ ಲ್ಯೂಟನ್ನು ಲೂದಿಯ ಕೈಯಲ್ಲಿಟ್ಟೆ. ಆ ದಡದಲ್ಲಿ ಹಾಡು ಇಳಿಸುವವರು ಯಾರೂ ಇರಲಿಲ್ಲ. ಅವಳು ಬೇಗ ಕಲಿಯುತ್ತಾಳೆ. "ನಿಮಗೆ?" ಎಂದಳು. "ನನ್ನ ಬೆರಳಿಗೆ ವಯಸ್ಸಾಯಿತು. ನಿನಗೆ ಮಕ್ಕಳಾದ ಮೇಲೆ ತೊಟ್ಟಿಲ ಹಗ್ಗ ಮಾತ್ರ ಗಟ್ಟಿಯಾಗಿ ಕಟ್ಟಿಸು," ಎಂದೆ. "ಹಗ್ಗದವನನ್ನೇ ಕಟ್ಟಿಕೊಂಡಿದ್ದೇನಲ್ಲ," ಎಂದು ನಕ್ಕಳು. ನಗುತ್ತಲೇ ನನ್ನ ಹೆಗಲಿಗೆ ಮುಖ ಒತ್ತಿಕೊಂಡಳು. ಗಂಡ ಸತ್ತ ವರ್ಷದೊಳಗೆ ಹಬ್ಬದ ಊಟಕ್ಕೆ ತುಂಬ ಹೊತ್ತು ಕೂರುವುದು ಸರಿಯಲ್ಲವೆಂದು ನಾನು ಬಿಸಿಲು ಇರುವಾಗಲೇ ಹೊರಟೆ. ರೆಜಿನ್‌ಬಾಯಿ ಎಲೆಯಲ್ಲಿ ಸಿಹಿ ಕಟ್ಟಿಕೊಟ್ಟರು.

ಧಕ್ಕೆಯಲ್ಲಿ ಸಂಕು ಕಾಯುತ್ತಿದ್ದ. ಹೋಗುವವಳು ನಾನೊಬ್ಬಳೇ. ದಡ ಬಿಟ್ಟ ಸ್ವಲ್ಪ ಹೊತ್ತಿಗೇ ದೋಣಿ ಮೂಗು ಅಲ್ಲಾಡಿಸಲು ತೊಡಗಿತು. ಗಾಳಿ ಬೆಳಿಗ್ಗೆಗಿಂತ ಜೋರಾಗಿತ್ತು. ಸಂಕು ತನ್ನ ಗಂಟಲನ್ನು ತೋರಿಸಿ ತಲೆಯಾಡಿಸಿದ. ಬೆಳಿಗ್ಗೆ ಕೂಗಿದ ಕೂಗಿಗೆ ಅದು ಪೂರ್ತಿ ಕಟ್ಟಿಹೋಗಿತ್ತು.

"ಬಾಯಮ್ಮ," ಎಂದ, ಗೊಗ್ಗರು ದನಿಯಲ್ಲಿ. "ದೋಣಿ ಹಗುರ ಉಂಟು. ಮದುವೆಯ ದೋಣಿ, ಕಲ್ಲು ತಂದಿಲ್ಲ. ಏನಾದ್ರೂ ಸ್ವಲ್ಪ..."

ನನ್ನ ಬಳಿ ಲ್ಯೂಟ್ ಇರಲಿಲ್ಲ. ದೋಣಿ ಅರ್ಧ ಸುತ್ತು ತಿರುಗಿತು. ನಾನು ಎರಡು ಕೈಯಿಂದಲೂ ಹಲಗೆಯನ್ನು ಹಿಡಿದುಕೊಂಡು ಬಾಯಿ ತೆರೆದೆ. ಸೊಸೆಯ ಸ್ವರಕ್ಕೆ ನನ್ನ ಉಸಿರು ಎಟುಕುವುದಿಲ್ಲವೆಂದು ತಿಳಿದೇ ಇತ್ತು. ಅಜ್ಜನ ಸ್ವರವನ್ನು ಹಿಡಿದೆ, ಬಸ್ತಿಯಾಂವ್ ಹಾಡುತ್ತಿದ್ದ ಮಟ್ಟಕ್ಕಿಂತ ಎಷ್ಟೋ ಮೇಲೆ, ಮುದುಕಿಯ ಒಡಕು ಕಂಠದಲ್ಲಿ. ಮೊದಲ ಹೆಜ್ಜೆ, ಎರಡನೆಯದು. ಏನೂ ಆಗಲಿಲ್ಲ, ದೋಣಿ ಮತ್ತೂ ತಿರುಗಿತು. ಮೂರನೆಯದರ ಬಳಿ ತಡೆದು ನಿಂತೆ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಹೆಜ್ಜೆ ಇಟ್ಟೆ. ನನ್ನ ಕೆಳಗೆ ದೋಣಿ ಒಮ್ಮೆ ಉಸಿರು ಬಿಟ್ಟು, ಒಂದು ಬೆರಳು, ಎರಡು ಬೆರಳು, ಮೆಲ್ಲನೆ ನೀರಿನಲ್ಲಿ ಕುಳಿತಿತು. ಮೂಗು ನೆಟ್ಟಗೆ ನಮ್ಮ ದಡದ ಕಡೆಗೆ ತಿರುಗಿತು. ಸಂಕು ಹುಟ್ಟು ಹಾಕಿದ. ನಾನು ಹಾಡುತ್ತ ಹೋದೆ, ನೀರು ಅಂಚಿನ ಕಡೆಗೆ ಏರುತ್ತ ಬಂತು.

"ಸಾಕು ಬಾಯಮ್ಮ, ಸಾಕು!" ಎಂದು ಅವನು ಇದ್ದಷ್ಟು ಗಂಟಲಿನಲ್ಲಿ ಕೂಗಿದ. "ನೀರು ಒಳಗೆ ಬರ್ತದೆ!"

ನಾನು ಇನ್ನೊಂದು ಚರಣ ಹಾಡಿದೆ.